ಬುಡನಸಾಬರ ರುಮಾಲು

ಬೈಲಹೊಂಗಲದ ಅರಳೆ ಬಿಡಿಸುವ ಜಿನ್ನಿನ ಗೋಡೆಗೆ ಹಚ್ಚಿದ ಪೋಸ್ಟರಿನಲ್ಲಿ ತನ್ನ ತಮ್ಮನ ಮುಖ ಕಂಡದ್ದೇ ತಡ, ಹಜರತಸಾಬ ಲಾರಿಯ ಎಂಜಿನ್ನು ಬಂದ್ ಮಾಡುವುದನ್ನೂ ಮರೆತು ಕೆಳಗಿಳಿದ. ಹೆಗಲ ತನಕ ಕೂದಲು ಬಿಟ್ಟುಕೊಂಡು, ಅಂಗಿಯ ಗುಂಡಿ ಹೊಟ್ಟೆಯವರೆಗೆ ಬಿಚ್ಚಿಕೊಂಡು, ಎರಡು ಕೋಲು ಎತ್ತಿ ಹಲ್ಲು ಕಿರಿಯುತ್ತಿದ್ದ ಮಹಾಶಯನ ಕೆಳಗೆ 'ಡ್ರಮ್ಸ್: ರಾಜಾ, ಬಾಂಬೆ' ಎಂದು ಅಚ್ಚಾಗಿತ್ತು. ಬಾಂಬೆಯಂತೆ! ಕಟಕೋಳದ ಓಣಿಯಲ್ಲಿ ಮೂಗು ಸುರಿಸಿಕೊಂಡು ಅಡ್ಡಾಡಿದ ರಾಜೇಸಾಬ ಈಗ ಬಾಂಬೆಯ ರಾಜಾ! ಗೋಡೆಗೆ ಒದೆಯಬೇಕೆನ್ನಿಸಿತು, ಒದ್ದೂ ಬಿಟ್ಟ. ಸುಣ್ಣ ಉದುರಿತು, ಹೆಬ್ಬೆರಳು ನೊಂದಿತು, ತಮ್ಮ ಮಾತ್ರ ಹಲ್ಲು ಕಿರಿಯುತ್ತಲೇ ಇದ್ದ.

ಜಿನ್ನಿನಲ್ಲಿ ಹಮಾಲಿ ಮಾಡುತ್ತಿದ್ದ ಉಳವಪ್ಪ ಮೂಟೆ ಇಳಿಸಿ ಹತ್ತಿರ ಬಂದ. ಅವನದೂ ಕಟಕೋಳವೇ. ಮೊಹರಮ್ಮಿನಲ್ಲಿ ದೇವರ ಪಂಜಾ ಹಿಡಿಯುವ ಮನೆತನ.

"ಇಂವ ನಮ್ಮ ರಾಜೇಸಾಬ ಅಲ್ಲೇನೊ?"

"ಹೌದಪಾ, ಅವನs. ಹಡೆದಪ್ಪ ಸತ್ತಾಗ ಮಣ್ಣಿಗೆ ಬರಾಕ ಪುರಸೊತ್ತ ಇರಲಿಲ್ಲ ಇವಗ. ಕಾಲೇಜ ಹುಡುಗೂರನ್ನ ಕುಣಿಸಾಕ ಪುರಸೊತ್ತ ಐತಿ!"

"ಸುದ್ದಿ ಮುಟ್ಟಿತ್ತೊ ಇಲ್ಲೊ."

"ಮುಟ್ಟಿತ್ತು. ಸವದತ್ತಿ ಸತ್ಯಪ್ಪ ಬಾಂಬೆಕ್ಕ ಲಾರಿ ಒಯ್ದಿದ್ದ, ಅವನ ಕಡೆ ಹೇಳಿ ಕಳಿಸಿದ್ನಿ. ಭೆಟ್ಟಿ ಆದೆ, ಹೇಳಿದೆ, ಹೂಂ ಅಂದ, ಹೊಳ್ಳಿ ಹೋದ ಅಂತ ಬಂದು ಹೇಳಿದ. ಹೂಂ ಅಂದನಂತ! ಅಪ್ಪ ಸತ್ತಾನ ಅಂದರ ಹೂಂ ಅನ್ನೂ ಮಗಾ!"

ಆ 'ಹೂಂ' ಹೋದ ಮಳೆಗಾಲದಿಂದ ಹಜರತಸಾಬನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಗೇರು ಬದಲಿಸುವಾಗ ನೆನಪಾಗುತ್ತಿತ್ತು, ರೊಟ್ಟಿ ಮುರಿಯುವಾಗ ನೆನಪಾಗುತ್ತಿತ್ತು. ಆದರೆ ಅದಕ್ಕಿಂತ ಹಳೆಯ ಮುಳ್ಳೊಂದು ಒಳಗಿತ್ತು.

ಅವರಪ್ಪ ಬುಡನಸಾಬ ತಾಸೆ ಬಾರಿಸುವವನು. ಮೊಹರಮ್ಮಿನ ಕಡೆಯ ದಿನ ದೇವರು ಹೊಳೆಗೆ ಹೋಗುವಾಗ ಬಾರಿಸುವ ಪೆಟ್ಟೊಂದು ಅವನ ಕೈಯಲ್ಲಿತ್ತು. ಊರವರು ಅದನ್ನು ಹೊಳೆಪೆಟ್ಟು ಎನ್ನುತ್ತಿದ್ದರು. ಅದು ಕೇಳಿಸಿದರೆ ಹಿಂದು ಮುಸಲ್ಮಾನ ಅನ್ನದೆ ಇಡೀ ಊರು ಕಾಲಲ್ಲಿದ್ದದ್ದನ್ನು ಬಿಚ್ಚಿ ಸುಮ್ಮನೆ ಹಿಂದೆ ನಡೆಯುತ್ತಿತ್ತು. ಉಳಿದ ದಿನ ತಾಟಿನ ಮೇಲೆ ಬೆರಳಿನಿಂದಲೂ ಅದನ್ನು ಬಡಿಯುವಂತಿಲ್ಲ. ತಂದೆ ಅದನ್ನು ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಕಲಿಸಬೇಕು. ಬುಡನಸಾಬ ಹಿರಿಯವನ ಕೈ ಹಿಡಿದು ನೋಡಿ, "ಇದು ಒರಟ ಕೈ, ಇದಕ್ಕ ಬರೂದಿಲ್ಲ" ಎಂದು ಬಿಟ್ಟುಬಿಟ್ಟ. ಕಲಿತವನು ಕಿರಿಯವನು. ಒರಟು ಕೈಗೆ ಸ್ಟೇರಿಂಗು ಬಂತು.

ಹೊಳೆಪೆಟ್ಟಿನ ದಿನ ಮಾತ್ರ ಬುಡನಸಾಬ ಹಸಿರಂಚಿನ ಬಿಳಿ ರುಮಾಲು ಸುತ್ತುತ್ತಿದ್ದ. ರಾಜೇಸಾಬ ಅದಕ್ಕೆ ಕೈಹಾಕಿದಾಗಲೆಲ್ಲ, "ನಿನ್ನ ಕೈ ಪಕ್ಕಾ ಆದ ದಿನ ನಾನs ಕೊಡತೇನಿ, ಅಲ್ಲೀತನಕ ಮುಟ್ಟಬ್ಯಾಡ" ಎನ್ನುತ್ತಿದ್ದ. ಆ ದಿನ ಬರಲೇ ಇಲ್ಲ. ರಾಮದುರ್ಗದ ಒಂದು ಮದುವೆಯಲ್ಲಿ ಹುಡುಗ ತಾಸೆಯ ಮೇಲೆ ಸಿನೆಮಾ ಹಾಡು ಬಾರಿಸಿದ. ಬುಡನಸಾಬ ಬೀಗರ ಎದುರಿಗೇ ಅವನ ಕೋಲು ಕಸಿದು ಮೊಣಕಾಲಿಗೆ ಹಚ್ಚಿ ಮುರಿದ. ಹುಡುಗ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದವನು ಮತ್ತೆ ಮುಖ ತೋರಿಸಲಿಲ್ಲ. ಬಾಂಬೆಯಲ್ಲಿ ಬ್ಯಾಂಡು ಸೇರಿದ್ದಾನೆಂದು ಸುದ್ದಿ ಮಾತ್ರ ಬಂತು.

ಬುಡನಸಾಬ ಸತ್ತ ಮೇಲೆ ಬಂದ ಮೊಹರಮ್ಮಿನಲ್ಲಿ ಹೊಳೆಪೆಟ್ಟು ಬಾರಿಸುವವರಿರಲಿಲ್ಲ. ದೇವರು ಮೂಕವಾಗಿ ಹೊಳೆಗೆ ಹೋಯಿತು. ಕಲ್ಲಿನ ಮೇಲೆ ಬರಿಗಾಲು ಸರಿಯುವ ಸಪ್ಪಳ ಬಿಟ್ಟರೆ ಬೇರೇನಿಲ್ಲ. ಊರವರು ಹಜರತಸಾಬನ ಕೈ ನೋಡಿದರು, ಅವನು ಕೈ ಕಿಸೆಯಲ್ಲಿ ಹಾಕಿಕೊಂಡ. ಅಂಥ ಅವಮಾನವನ್ನು ಅವನು ಹುಟ್ಟಿದಾಗಿನಿಂದ ಉಂಡಿರಲಿಲ್ಲ. ಮನೆಗೆ ಬಂದ ಮೇಲೆ ತಾಯಿ ಜುಬೇದಾಬಿ ಪೆಟ್ಟಿಗೆ ತೆಗೆದು ರುಮಾಲನ್ನು ಅವನ ಕೈಗಿಟ್ಟಳು.

"ನಿನ್ನ ಲಾರ‍್ಯಾಗ ಇಟ್ಕೋ. ಎಲ್ಲಿ ಸಿಗತಾನೊ ಅಲ್ಲಿ ನಾಕ ಮಂದ್ಯಾಗ ಅವನ ಕೊಳ್ಳಾಗ ಹಾಕು. ಯಾರ ಮಗ ಅನ್ನೂದನ್ನ ಅವನ ಬಾಯಿಲೆ ಹೇಳಿಸು."

ಸೀಟಿನ ಕೆಳಗಿನಿಂದ ರುಮಾಲು ತೆಗೆದು ಅಂಗಿಯೊಳಗೆ ಸೇರಿಸಿಕೊಂಡು ಹಜರತಸಾಬ ಸಂಜೆ ಕಾಲೇಜಿನ ಮೈದಾನಕ್ಕೆ ಹೋದ. ಉಳವಪ್ಪ, ಇವನು ಏನಾದರೂ ಮಾಡಿಕೊಂಡಾನೆಂಬ ಹೆದರಿಕೆಗೆ, ಬೆನ್ನು ಬಿಡದೆ ಬಂದ. ವಾರ್ಷಿಕ ಗ್ಯಾದರಿಂಗಿನ ಗದ್ದಲ, ಬಣ್ಣದ ಕಾಗದ, ಮುಂದಿನ ಸಾಲಿನಲ್ಲಿ ಕುರ್ಚಿ. ವಕೀಲ ನೀಲಕಂಠರಾಯರ ಮಗ ಬಾಳಕೃಷ್ಣ ಅದೇ ಕಾಲೇಜಿನಲ್ಲಿ ಓದಿ ಬಾಂಬೆಗೆ ಹೋಗಿ ಗಿಟಾರು ಹಿಡಿದವನು. ಗೋವಾಕ್ಕೆ ಹೊರಟಿದ್ದ ತನ್ನ ಬ್ಯಾಂಡನ್ನು ದಾರಿಯಲ್ಲಿ ಊರಿಗೆ ತಿರುಗಿಸಿಕೊಂಡು ಬಂದಿದ್ದ.

"ಇದಕ್ಕ ಹೆವಿ ಮೆಟಲ್ ಅಂತಾರ," ಎಂದ ಮೈಕಿನಲ್ಲಿ. "ಸ್ವಲ್ಪ ಜೋರ ಇರತೈತಿ, ಹಿರ‍್ಯಾರು ಕ್ಷಮಿಸ್ರಿ."

ಸ್ವಲ್ಪ ಜೋರು! ಆಳೆತ್ತರದ ಕಪ್ಪು ಪೆಟ್ಟಿಗೆಗಳಿಂದ ಮೊದಲ ಸದ್ದು ಹೊರಬಿದ್ದಾಗ ಮೈದಾನದ ಬೇವಿನ ಮರದ ಕಾಗೆಗಳೆಲ್ಲ ಒಮ್ಮೆಲೇ ಎದ್ದವು. ಹಜರತಸಾಬನ ಹಲ್ಲು ಒಂದಕ್ಕೊಂದು ತಾಗಿದವು. ಸದ್ದು ಕಿವಿಯಿಂದ ಒಳಗೆ ಬರಲಿಲ್ಲ. ಅಂಗಾಲಿನಿಂದ ಏರಿತು, ಹೊಟ್ಟೆಯಲ್ಲಿ ತಿರುಗಿತು, ಪಕ್ಕೆಲುಬಿಗೆ ಬಡಿಯಿತು. ಗಿಟಾರು ಹಿಡಿದವರು ತಲೆ ಕೊಡವುತ್ತ ಯಾರನ್ನೋ ಬೈಯುವಂತೆ ಬಾರಿಸುತ್ತಿದ್ದರು. ಹಾಡುವವನು ಹಾಡುತ್ತಿರಲಿಲ್ಲ, ಗಂಟಲು ಹರಿಯುವಂತೆ ಚೀರುತ್ತಿದ್ದ. ಅವರ ಹಿಂದೆ, ಎತ್ತರದಲ್ಲಿ, ಎಂಟ್ಹತ್ತು ಡ್ರಮ್ಮುಗಳ ನಡುವೆ ರಾಜೇಸಾಬ. ಬೆವರಿನಲ್ಲಿ ತೊಯ್ದು, ಹಲ್ಲು ಕಚ್ಚಿ, ಯಾವುದೋ ಹಳೆಯ ಹಗೆ ತೀರಿಸುವವನಂತೆ ಬಡಿಯುತ್ತಿದ್ದ.

ಹಜರತಸಾಬ ಬೈಯಲು ಬಾಯಿ ತೆರೆದ. ಬೈದ ಮಾತು ಅವನಿಗೇ ಕೇಳಿಸಲಿಲ್ಲ. ಮತ್ತೆ ಬೈದ, ಇನ್ನೂ ಗಟ್ಟಿಯಾಗಿ, ತಾಯಿಯ ಮುಂದೆ ಆಡಬಾರದ ಮಾತೆಲ್ಲ ಆಡಿ ಬೈದ. ಪಕ್ಕದಲ್ಲಿದ್ದ ಉಳವಪ್ಪನೂ ತಿರುಗಿ ನೋಡಲಿಲ್ಲ. ತನ್ನ ಸಿಟ್ಟಿನಷ್ಟೇ ದೊಡ್ಡ ಸದ್ದನ್ನು ಹಜರತಸಾಬ ಅವತ್ತೇ ಮೊದಲ ಸಲ ಕೇಳಿದ್ದು. ಒಂದು ಗಳಿಗೆ, ಒಂದೇ ಗಳಿಗೆ, ಹಾಯೆನಿಸಿತು. ಹಾಗೆನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಇವನ ಸದ್ದಿನಿಂದ ನನಗೆ ಹಾಯೆನಿಸುವುದೆಂದರೇನು?

ಅಷ್ಟರಲ್ಲಿ ಮುಂದಿನ ಸಾಲಿನಿಂದ ಮುನವಳ್ಳಿಯ ಮಹಾಂತಪ್ಪ ಧಣಿ ಎದ್ದು, ಜರಿಯಂಚಿನ ಟವೆಲು ಹಿಡಿದು ಸ್ಟೇಜಿನ ಹತ್ತಿರ ಹೋದರು. ಆ ಸೀಮೆಯಲ್ಲಿ ಬಯಲಾಟವಿರಲಿ, ಪದವಿರಲಿ, ಮೆಚ್ಚಿದ ಹಿರಿಯರು ಎದ್ದು ಅರಿವೆಯ ಆಹೇರ ಮಾಡಿದರೆ ಆಟ ಅಲ್ಲಿಗೇ ನಿಲ್ಲಬೇಕು. ಕಲಾವಿದ ಅದನ್ನು ಕಣ್ಣಿಗೊತ್ತಿಕೊಂಡು, ಕೊಟ್ಟವರ ಊರು, ತಂದೆಯ ಹೆಸರು, ಅವರ ಹೆಸರು ಕೂಗಿ ಹೇಳಬೇಕು. ತಂದೆ ತೀರಿಕೊಂಡಿದ್ದರೆ ಅದನ್ನೂ ಸೇರಿಸಬೇಕು. 'ಮುನವಳ್ಳಿಯ ಲಿಂಗೈಕ್ಯ ನಿಜಗುಣಪ್ಪನವರ ಮಗ ಮಹಾಂತಪ್ಪನವರಿಂದ' ಎಂದು ಕೇಳಿಸಿಕೊಳ್ಳಲು ಧಣಿ ಎಷ್ಟೋ ಟವೆಲು ಹಂಚಿದವರು. ಮುಸಲ್ಮಾನರಾದರೆ ಲಿಂಗೈಕ್ಯದ ಬದಲು ಮರ್ಹೂಮ್ ಅನ್ನಬೇಕು. ತಪ್ಪಿದರೆ ಜಗಳ.

ಬಾಂಬೆಯವರಿಗೆ ಇದೆಲ್ಲ ಎಲ್ಲಿಂದ ಗೊತ್ತು? ಧಣಿ ಟವೆಲು ಚಾಚಿಕೊಂಡೇ ನಿಂತರು. ಹಾಡುವವನು ಅದನ್ನು ಇಸಿದುಕೊಂಡು ಮುಖದ ಬೆವರು ಒರೆಸಿಕೊಂಡು ತಿರುಗಿ ಅವರ ಕೈಗೇ ಕೊಟ್ಟ. ಧಣಿಯ ಮುಖ ಹುಳ್ಳಗಾಯಿತು. ಹುಡುಗರು ಬಿದ್ದು ಬಿದ್ದು ನಕ್ಕರು. ಹಜರತಸಾಬ ನಗಲಿಲ್ಲ. ಬೇರೆಯವರಿಗೆ ಗೊತ್ತಿಲ್ಲದಿದ್ದರೆ ಸರಿ, ಆ ಡ್ರಮ್ಮುಗಳ ನಡುವೆ ಕೂತವನಿಗೆ ಗೊತ್ತಿದೆಯಲ್ಲ!

ಆಮೇಲೆ ಉಳಿದವರೆಲ್ಲ ವಾದ್ಯ ಇಳಿಸಿ ಬದಿಗೆ ಸರಿದರು. ರಾಜೇಸಾಬನೊಬ್ಬನೇ ಬಾರಿಸತೊಡಗಿದ. ಮೊದಲು ಮಳೆ ಹೊಯ್ದಂತೆ ಬಡಿದ. ಆಮೇಲೆ ನಿಧಾನ ಮಾಡಿದ. ಒಂದು ಪೆಟ್ಟು, ಒಂದು ಬಿಡುವು, ಎರಡು ಪೆಟ್ಟು, ಉದ್ದನೆಯ ಬಿಡುವು.

ಉಳವಪ್ಪ ಚಪ್ಪಲಿ ಕಳಚಿದ. ಅವನು ವಿಚಾರ ಮಾಡಿ ಕಳಚಿದ್ದಲ್ಲ, ಕಾಲು ತಾವೇ ಹೊರಬಂದವು. ಆಗ ಹಜರತಸಾಬನಿಗೆ ತಿಳಿಯಿತು. ಹೊಳೆಪೆಟ್ಟು!

ಸುತ್ತ ಹುಡುಗರು ಸಿಳ್ಳೆ ಹೊಡೆದರು. ಇಬ್ಬರು ಅಂಗಿ ಬಿಚ್ಚಿ ತಲೆಯ ಮೇಲೆ ತಿರುವಿ ಕುಣಿದರು. ಹಜರತಸಾಬನ ಕಣ್ಣಿಗೆ ಕತ್ತಲೆ ಬಂತು. ಊರಿನ ದೇವರಿಗೆ ದಕ್ಕದ್ದು, ಅಪ್ಪನ ಮಣ್ಣಿಗೆ ದಕ್ಕದ್ದು, ತನ್ನ ಒರಟು ಕೈಗೆ ಜನ್ಮದಲ್ಲಿ ದಕ್ಕದ್ದು, ಈ ಪುಂಡರ ಕುಣಿತಕ್ಕೆ ದಕ್ಕಿತು. ಮಂದಿಯನ್ನು ಮೊಣಕೈಯಿಂದ ತಿವಿಯುತ್ತ ಮುಂದೆ ಹೋದ. ತಡೆಯಲು ಬಂದವನನ್ನು ದೂಡಿ ಸ್ಟೇಜು ಹತ್ತಿದ. ಡ್ರಮ್ಮುಗಳನ್ನು ದಾಟಿ, ಅಂಗಿಯೊಳಗಿನ ರುಮಾಲು ತೆಗೆದು, ಕುತ್ತಿಗೆಗೆ ಹಗ್ಗ ಹಾಕುವ ಹಾಗೆ ತಮ್ಮನ ಕೊರಳಿಗೆ ಹಾಕಿದ.

ಕೋಲು ಮೇಲೆಯೇ ನಿಂತವು. ರಾಜೇಸಾಬ ಎಷ್ಟೇ ಬಾಂಬೆಯವನಾಗಿರಲಿ, ಕೊರಳಿಗೆ ಅರಿವೆ ಬಿದ್ದರೆ ಕೈ ನಿಲ್ಲಿಸಬೇಕೆಂದು ಅವನ ಕೈಗೆ ಗೊತ್ತಿತ್ತು. ಅಣ್ಣನ ಮುಖ ನೋಡಿದ, ಆಮೇಲೆ ಹಸಿರಂಚು ನೋಡಿದ. ತುಟಿ ಅಲುಗಿದವು. ಹಜರತಸಾಬನ ಕಿವಿ ಗುಂಯ್‌ಗುಡುತ್ತಿತ್ತು, ಒಂದಕ್ಷರವೂ ಕೇಳಿಸಲಿಲ್ಲ. ತಪ್ಪಾಯಿತು ಅನ್ನುತ್ತಿದ್ದಾನೆ, ಅನ್ನಲಿ, ಅನ್ನಲೇಬೇಕು ಎಂದುಕೊಂಡು ಮೈಕನ್ನು ಅವನ ಬಾಯಿಗೆ ಹಿಡಿದು ಅಬ್ಬರಿಸಿದ.

"ಹೆಸರ ಹೇಳು! ಯಾರ ಮಗಾ ನೀ? ಊರು ಹೇಳು, ಹೆಸರ ಹೇಳು!"

ರಾಜೇಸಾಬ ಎದ್ದು ನಿಂತ. ರುಮಾಲಿನ ಅಂಚನ್ನು ಕಣ್ಣಿಗೊತ್ತಿಕೊಂಡ. ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ. ನಗು ಇತ್ತು, ಅಳುವೂ ಇತ್ತು. ಮೈದಾನದ ತುಂಬ ಅವನ ದನಿ ಹೋಯಿತು.

"ಕಟಕೋಳದ ತಾಸೆ ಬುಡನಸಾಬರಿಂದ, ಅವರ ಮಗಾ ರಾಜೇಸಾಬಗ, ಈ ರುಮಾಲು ಆಹೇರ! ಕೈ ಪಕ್ಕಾ ಆದ ದಿನ ನಾನs ಕೊಡತೇನಿ ಅಂದಿದ್ದರು. ನಮ್ಮ ಅಬ್ಬಾ ಈಗ ಕೊಟ್ಟು ಕಳಿಸ್ಯಾರ. ಬರೂ ಮೊಹರಮ್ಮಿಗೆ ಅವರ ಸಂಗಾಟ ನಾನೂ ಹೊಳಿಗೆ ಹೋಗತೇನಿ!"

ಜನ ಚಪ್ಪಾಳೆ ತಟ್ಟಿದರು. ಧಣಿಯೂ ತಟ್ಟಿದರು. ಬರಿಗಾಲಲ್ಲಿ ನಿಂತಿದ್ದ ಉಳವಪ್ಪನೊಬ್ಬ ತಟ್ಟಲಿಲ್ಲ.

ಹಜರತಸಾಬ ಮೈಕು ಹಿಡಿದುಕೊಂಡೇ ನಿಂತಿದ್ದ. ತಂದೆಯ ಹೆಸರಿನ ಮುಂದೆ ಇರಬೇಕಾದ ಮಾತು ಇರಲಿಲ್ಲ. ಮರೆತದ್ದಲ್ಲ. ಅಪ್ಪ ಸತ್ತದ್ದು ಇವನಿಗೆ ಗೊತ್ತೇ ಇಲ್ಲ. ಸವದತ್ತಿಯ ಸತ್ಯಪ್ಪ ಇವನನ್ನು ಕಂಡೇ ಇಲ್ಲ, ಹುಡುಕಿಯೂ ಇಲ್ಲ. ಸರಕು ಇಳಿಸಿ, ಉಂಡು ಮಲಗಿ, ತಿರುಗಿ ಬಂದು ಒಂದು 'ಹೂಂ' ಕಟ್ಟಿ ಹೇಳಿದ. ಆ ಹೂಂ ನಂಬಿಕೊಂಡು ತಾನು ಮಳೆಗಾಲದಿಂದ ಉರಿದ. ಸತ್ಯಪ್ಪ ಎದುರಿಗಿದ್ದರೆ ಅವತ್ತು ಅವನ ಗತಿ ನೆಟ್ಟಗಾಗುತ್ತಿರಲಿಲ್ಲ. ಎದುರಿಗಿದ್ದವನು ತಮ್ಮ, ಇನ್ನೂ ನಗುತ್ತಿದ್ದ. ಆ ನಗು ನೋಡಲಾಗಲಿಲ್ಲ. ಮೆತ್ತಗೆ ಹೇಳಬೇಕೆಂದರೆ ಮೆತ್ತನೆಯ ದನಿಯೇ ಬರಲಿಲ್ಲ.

"ಮರ್ಹೂಮ್ ಅನ್ನು!" ಎಂದು ಗದರಿದ. "ಅಬ್ಬಾನ ಹೆಸರಿನ ಮುಂದ ಮರ್ಹೂಮ್ ಹಚ್ಚೊ, ರಾಜ್ಯಾ!"

ಮೈಕು ಅದನ್ನೂ ಊರಿಗೆಲ್ಲ ಸಾರಿತು. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಆಗಿ ನಿಂತಿತು.

"ಯಾವಾಗ?" ಎಂದ ರಾಜೇಸಾಬ.

"ಹೋದ ಮಳಿಗಾಲದಾಗ. ಸತ್ಯಪ್ಪನ ಕಡೆ ಹೇಳಿ ಕಳಿಸಿದ್ನಿ."

"ಯಾವ ಸತ್ಯಪ್ಪ? ಯಾರೂ ಬಂದಿಲ್ಲ ನನ್ನ ಕಡೆ." ರಾಜೇಸಾಬನ ಮುಖ ಕೆಂಪೇರಿತು. ಕೈಯ ಕೋಲು ಮೇಲೆದ್ದವು. ಹೊಡೆದೇಬಿಟ್ಟಾನೆಂದು ಬಾಳಕೃಷ್ಣ ನಡುವೆ ಬಂದ, ರಾಜೇಸಾಬ ಅವನನ್ನು ಬದಿಗೆ ತಳ್ಳಿದ. "ಊರೂರು ಲಾರಿ ಹೊಡೀತಿಯಲ್ಲೊ ಭಾಯಿ. ಯಾವನ್ನೋ ಯಾಕ ಕಳಿಸಿದಿ? ಅಪ್ಪ ಸತ್ತಾನಂತ ಹೇಳಾಕ ಒಮ್ಮೆ ನೀ ಬರಬೇಕಾಗಿತ್ತಲ್ಲೊ!"

ಹಜರತಸಾಬ ಮೈಕು ಕೆಳಗಿಳಿಸಿದ. ತಮ್ಮ ಬರಬಾರದೆಂದು ಅವನು ಬಯಸಿರಲಿಲ್ಲ. ಆದರೆ ಬರದಿದ್ದಾಗ, ಅಪ್ಪನ ಪಾಲಿಗೆ ಕಡೆಗೆ ಉಳಿದವನು ತಾನೇ ಎಂದು ಈಗಲಾದರೂ ಎಲ್ಲರಿಗೆ ಗೊತ್ತಾಯಿತೆಂದು ಮಣ್ಣಿನ ಹೊತ್ತಿನಲ್ಲೂ ಒಳಗೊಳಗೇ ಅಂದುಕೊಂಡಿದ್ದ. ಅದನ್ನು ಮೈಕಿನಲ್ಲಿ ಹೇಳುವುದಿರಲಿ, ತನಗೆ ತಾನೂ ಹೇಳಿಕೊಂಡಿರಲಿಲ್ಲ. ಅವನು ತಲೆ ತಗ್ಗಿಸಿದ.

ರಾಜೇಸಾಬ ಬೂಟು ಬಿಚ್ಚಿ ಎಸೆದ. ಕೊರಳಿನ ರುಮಾಲು ತೆಗೆದು ಅಣ್ಣನ ಕೈಯಲ್ಲಿ ತುರುಕಿ, ಡ್ರಮ್ಮುಗಳ ನಡುವೆ ಕೂತು ಕೂದಲು ಹಿಂದೆ ಸರಿಸಿ ತಲೆ ಬಗ್ಗಿಸಿದ.

"ಅಬ್ಬಾ ಕಟ್ಟಬೇಕಾಗಿತ್ತು. ಈಗ ನೀನs ಕಟ್ಟು," ಎಂದ. ದನಿಯಲ್ಲಿ ಸಿಟ್ಟು ಹಾಗೇ ಇತ್ತು.

"ನನ್ನ ಕೈ ಒರಟಲೆ."

"ಕಟ್ಟು."

ಹಜರತಸಾಬ ಕಟ್ಟಿದ. ಸುತ್ತು ವಾರೆಯಾಯಿತು. ಗಂಟು ಲಾರಿಯ ಹಗ್ಗಕ್ಕೆ ಬಿಗಿದಂತೆ ಬಿಗಿಯಾಯಿತು, ತಮ್ಮನ ಹಣೆಯ ನರ ಉಬ್ಬಿತು. ರಾಜೇಸಾಬ ಅದನ್ನು ಸಡಿಲಿಸಿಕೊಳ್ಳಲಿಲ್ಲ. ಹಾಗೇ ಕೋಲು ಎತ್ತಿ ಹೊಳೆಪೆಟ್ಟನ್ನು ಮೊದಲಿನಿಂದ ಹಿಡಿದ.