ಬಚ್ಚಲ ಕಲ್ಲಿನಲ್ಲಿ ಚಿನ್ನ

ನನ್ನ ಮಗಳು ಕಲ್ಲು ಓದಿದವಳು, ನಾನು ಕಲ್ಲಿಗೆ ತೂತು ಕೊರೆದು ಕೂದಲು ಬೆಳ್ಳಗೆ ಮಾಡಿಕೊಂಡವನು, ಈ ವರ್ಷವಷ್ಟೇ ಮದುವೆಯಾಗಿ ಕ್ಯಾಂಪಿಗೆ ಬಂದ ಅಳಿಯ ಕಲ್ಲು ಪುಡಿ ಮಾಡುವವನು. ಊಟದಲ್ಲಿ ಒಂದು ಕಲ್ಲು ಸಿಕ್ಕರೆ ಸಾಕು, ನನ್ನ ಹೆಂಡತಿ ಮೂವರನ್ನೂ ಸೇರಿಸಿ ಬೈಯುತ್ತಿದ್ದಳು.

ಚಿನ್ನ ಹುಡುಕುವ ಕ್ಯಾಂಪ್ ಅದು. ಗುಡ್ಡದ ಬುಡದಲ್ಲಿ ತಗಡಿನ ಶೆಡ್ಡುಗಳು, ಅದರ ಹಿಂದೆ ನಮ್ಮ ಕ್ವಾರ್ಟರ್ಸ್. ವರ್ಷಗಟ್ಟಲೆ ಕೊರೆದು ನಮಗೆ ಸಿಕ್ಕಿದ್ದು ಕೆಮ್ಮು. ಕೊನೆಗೆ ಕಂಪನಿಯವರು, ಇನ್ನೊಂದೇ ತೂತು, ಅದರಲ್ಲೂ ಇಲ್ಲವೆಂದರೆ ಗಂಟುಮೂಟೆ ಕಟ್ಟಿ ಎಂದರು. ಆ ಕೊನೆಯ ತೂತು ಎಲ್ಲಿ ಎನ್ನುವುದೇ ಜಗಳ. ಹಳ್ಳದ ಪಕ್ಕದ ಬಿರುಕಿನಲ್ಲಿ ಎಂದು ಮಗಳು. ಗುಡ್ಡದ ನೆತ್ತಿಯ ಮೇಲೆ ಎಂದು ಮ್ಯಾನೇಜರ್. ಕಾಗೆ ಬಂಗಾರದಿಂದ ಹಿಡಿದು ಬೀಡಾ ಡಬ್ಬಿಯ ಮುಚ್ಚಳದವರೆಗೆ ಮಿಂಚಿದ್ದೆಲ್ಲವೂ ಅವನಿಗೆ ಚಿನ್ನವೇ. ಹಾಗಾಗಿ ನಾವು ಅವನನ್ನು ಹೊಳಪಪ್ಪ ಎನ್ನುತ್ತಿದ್ದೆವು. ಬೆನ್ನ ಹಿಂದೆ ಮಾತ್ರ.

ಮಗಳ ಮಾತು ಅವನು ಕೇಳಲೇ ಇಲ್ಲ. ಗುಡ್ಡದ ಮೇಲಿನ ಹಳೇ ತೂತಿನ ಕಲ್ಲನ್ನು ಇನ್ನೊಮ್ಮೆ ಪುಡಿ ಮಾಡಿಸಿ ಲ್ಯಾಬಿಗೆ ಕಳಿಸಿದ. ಬಂತಪ್ಪ ಚಿನ್ನ! ಹೊಳಪಪ್ಪ ಕುಣಿದಾಡಿಬಿಟ್ಟ.

ಅವತ್ತು ಊಟಕ್ಕೆ ಕೂತ ಮಗಳು ಅಳುಮುಖ ಮಾಡಿಕೊಂಡು ಅನ್ನ ಕಲಸುತ್ತಿದ್ದಳು.

"ಚಿನ್ನ ಸಿಕ್ಕಿದ್ದಕ್ಕೆ ಅಳೋರನ್ನ ಇವತ್ತೇ ನೋಡಿದ್ದು" ಎಂದೆ.

"ಅಪ್ಪಾ, ಅಲ್ಲಿ ಚಿನ್ನ ಇರೋಕೆ ಸಾಧ್ಯವೇ ಇಲ್ಲ. ಭೂಮಿ ಕರಗಿ ಕುದೀತಿದ್ದಾಗ ಭಾರದ ಲೋಹ ಬಹುಪಾಲು ತಳಕ್ಕೆ ಇಳಿದುಬಿಡ್ತು. ಮೇಲೆ ಉಳಿದಿದ್ದು ಒಂದಿಷ್ಟು ಚೂರುಪಾರು, ಅದೂ ಊರೆಲ್ಲ ಚೆಲ್ಲಾಪಿಲ್ಲಿ. ಅದನ್ನ ಒಂದು ಕಡೆ ಗುಡ್ಡೆ ಹಾಕೋಕೆ ಬಿಸಿನೀರು ಬೇಕು. ಆಳದಲ್ಲಿ ಸುಡುಸುಡು ನೀರು ಗಂಧಕದ ಸಹಾಯದಿಂದ ಚಿನ್ನಾನ ಕರಗಿಸಿಕೊಂಡು ಬಿರುಕಿನಲ್ಲಿ ಮೇಲೆ ಬರುತ್ತೆ. ಮೇಲೆ ಬಂದಹಾಗೆ ಒತ್ತಡ ಇಳಿಯುತ್ತೆ, ತಣ್ಣಗಾಗುತ್ತೆ, ಹೊತ್ತಿದ್ದನ್ನೆಲ್ಲ ಅಲ್ಲೇ ಇಳಿಸಿಬಿಡುತ್ತೆ."

"ನಮ್ಮ ನೀರು ಕಾಯಿಸೋ ಪಾತ್ರೇಲಿ ಬಿಳೀ ಪೊರೆ ಕಟ್ಟುತ್ತಲ್ಲ, ಹಾಗೇನೇ?" ಎಂದಳು ಅವರಮ್ಮ.

"ಸುಮಾರು ಹಾಗೇ ಅಮ್ಮ. ಆದರೆ ಗುಡ್ಡದ ಮೇಲಿನ ಕಲ್ಲಿಗೆ ಒಂದು ಬಿರುಕೂ ಇಲ್ಲ. ನೀರೇ ಹೊಕ್ಕಿಲ್ಲ, ಚಿನ್ನ ಎಲ್ಲಿಂದ ಬರುತ್ತೆ? ಈ ಸೀಮೆ ಚಿನ್ನ ಒಂಟಿಯಾಗಿ ಬರೋದೂ ಇಲ್ಲ, ಜೊತೆಗೆ ಆರ್ಸೆನಿಕ್, ಗಂಧಕ ಬಂದೇ ಬರುತ್ತೆ. ಇದರಲ್ಲಿ ಎರಡೂ ಇಲ್ಲ."

"ಮದುವೆ ಮನೆಗೆ ಮದುಮಗ ಒಬ್ಬನೇ ನಡಕೊಂಡು ಬಂದ ಹಾಗೆ" ಎಂದೆ. ಅಳಿಯ ಒಬ್ಬನೇ ನಕ್ಕ. ಪಾಪ, ಒಳ್ಳೇ ಹುಡುಗ.

ಮರುದಿನ ಮಗಳು ಒಂದು ಕೆಲಸ ಮಾಡಿದಳು. ನಮ್ಮ ಬಚ್ಚಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೂಲೆ ಮುರಿದು ಬಿದ್ದಿತ್ತು. ಆ ತುಂಡನ್ನು ಚೀಲಕ್ಕೆ ಹಾಕಿ, ಮಿಕ್ಕ ಚೀಲಗಳಂತೆ ಅದಕ್ಕೂ ಒಂದು ನಂಬರು ಬರೆದು, ಪುಡಿ ಮಾಡುವ ಕೋಣೆಗೆ ಕಳಿಸಿದಳು. ಗಂಡನಿಗೂ ಹೇಳಲಿಲ್ಲ.

ಲ್ಯಾಬಿನ ವರದಿ ಬಂದಾಗ ಹೊಳಪಪ್ಪ ಎಲ್ಲರನ್ನೂ ಆಫೀಸಿಗೆ ಕರೆಸಿದ. ನನ್ನನ್ನು ಯಾರೂ ಕರೆದಿರಲಿಲ್ಲ, ಹೋದೆ.

"ನೋಡಮ್ಮ, ಈ ಚೀಲ! ಎಲ್ಲಕ್ಕಿಂತ ಜಾಸ್ತಿ ಚಿನ್ನ ಇದರಲ್ಲೇ ಇದೆ! ಎಲ್ಲೀದಿದು? ನಾಳೆ ಬೆಳಿಗ್ಗೇನೇ ಮಷೀನ್ ಅಲ್ಲಿಗೆ ಹೋಗಲಿ, ಅಲ್ಲೇ ಕೊರೀರಿ!"

"ಕೊರೀಬಹುದು ಸರ್. ಆದರೆ ಆಮೇಲೆ ನಮ್ಮಪ್ಪ ಸ್ನಾನ ಎಲ್ಲಿ ಮಾಡ್ತಾರೆ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬಚ್ಚಲ ಕಲ್ಲು ಎಂದು ತಿಳಿದ ಮೇಲೂ ಒಂದು ಸಲ ಆಸೆಗಣ್ಣಿನಿಂದ ನಮ್ಮ ಕ್ವಾರ್ಟರ್ಸ್ ಕಡೆ ನೋಡಿದ, ಪುಣ್ಯಾತ್ಮ.

"ಚಿನ್ನ ಕಲ್ಲಿನಿಂದ ಬರ್ತಿಲ್ಲ ಸರ್. ಪುಡಿ ಮಾಡೋ ಕೋಣೆಯಿಂದ ಬರ್ತಿದೆ" ಎಂದಳು ಮಗಳು.

ಎಲ್ಲರೂ ಅಳಿಯನ ಕಡೆ ತಿರುಗಿದರು. ಅವನು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ರೀ, ಕೈ ತೋರಿಸಿ."

ತೋರಿಸಿದ. ಬೆರಳಿನಲ್ಲಿ ಮದುವೆಗೆ ನಾವು ಕೊಟ್ಟ ಉಂಗುರ. ಕಲ್ಲುಪುಡಿಯನ್ನು ಬಟ್ಟಲಿನಿಂದ ದಿನವೂ ಕೈಯಲ್ಲೇ ಬಳಿದು ಬಳಿದು ಅದರ ಒಂದು ಬದಿ ದಾರದಷ್ಟು ಸವೆದಿತ್ತು. ಸವೆದದ್ದೆಲ್ಲ ಪುಡಿಗೆ ಸೇರಿ ಲ್ಯಾಬಿಗೆ ಹೋಗಿತ್ತು.

ಹೊಳಪಪ್ಪ ಕಿರುಚಿದ: "ಉಂಗುರ ಬಿಚ್ಚಿ ಒಳಗೆ ಬನ್ನಿ ಅಂತ ಬಾಗಿಲ ಮೇಲೆ ಬೋರ್ಡು ಹಾಕಿದೀನಿ, ಕಣ್ಣು ಕಾಣಲ್ವೇನಯ್ಯ?"

"ಕಾಣುತ್ತೆ ಸರ್. ಆದರೆ ಯಾವತ್ತೂ ಬಿಚ್ಚಬೇಡ ಅಂತ ಅತ್ತೆ ಹೇಳಿದಾರೆ."

ನನ್ನ ಹೆಂಡತಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹೊಳಪಪ್ಪನೂ ಅವಳ ಮುಖ ನೋಡಿ ದನಿ ಇಳಿಸಿದ.

"ಕಳೆದುಹೋಗುತ್ತೆ ಅಂತ ಬಿಚ್ಚಬೇಡ ಅಂದೆ" ಎಂದಳು ಅವಳು. "ಗುಡ್ಡಕ್ಕೆಲ್ಲ ಹಂಚು ಅಂತ ಅಂದೆನಾ?"

ಬೆರಳಿಗೆ ಸೋಪು ಹಚ್ಚಿ, ನಾನೊಂದು ಕಡೆ ಹೊಳಪಪ್ಪನೊಂದು ಕಡೆ ಎಳೆದು ಅದನ್ನು ಬಿಡಿಸಿದೆವು. ಅತ್ತೆ ಮನೆಯ ಊಟ ಅವನಿಗೆ ಚೆನ್ನಾಗಿಯೇ ಹಿಡಿಸಿತ್ತು. ಇನ್ನು ವಾದಕ್ಕೇನೂ ಉಳಿದಿರಲಿಲ್ಲ; ಮಷೀನು ಹಳ್ಳಕ್ಕೆ ಇಳಿಯಿತು.

ಅಲ್ಲಿಯ ಕಲ್ಲು ಕಬ್ಬಿನ ಜಲ್ಲೆಯಂತೆ ಉದ್ದಕ್ಕೆ ಬಂತು, ನಡುವೆ ಬಿಳಿ ಗೆರೆ. ಈ ಸಲ ಅಳಿಯ ಉಂಗುರವಿಲ್ಲದ ಕೈಯಲ್ಲಿ ಪುಡಿ ಬಳಿದ. ವರದಿ ಬಂದ ದಿನ ಮಗಳು ಓಡುತ್ತಲೇ ಅಡುಗೆಮನೆಗೆ ಬಂದಳು.

"ಬಂತಮ್ಮ! ಆರ್ಸೆನಿಕ್ಕೂ ಇದೆ, ಗಂಧಕವೂ ಇದೆ, ಚಿನ್ನವೂ ಇದೆ! ಕ್ಯಾಂಪ್ ಮುಚ್ಚಲ್ಲವಂತೆ!"

"ಎಷ್ಟು ಬಂತೇ?"

"ಒಂದು ಲಾರಿ ಕಲ್ಲು ಪುಡಿ ಮಾಡಿದರೆ ಒಂದು ಉಂಗುರ ಆಗಬಹುದು."

ನನ್ನ ಹೆಂಡತಿ ಸೌಟು ಕೆಳಗಿಟ್ಟಳು.

"ಅಷ್ಟಕ್ಕೇ ಈ ಕುಣಿತಾನಾ? ನನ್ನ ಅಳಿಯ ಒಂದು ಬೆರಳಲ್ಲೇ ಅದಕ್ಕಿಂತ ಜಾಸ್ತಿ ಕೊಟ್ಟಿದ್ದ."