ಮರೆಯಾಗುವ ಮೆನು

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ, ಕಂಪ್ಯೂಟರ್ ಪರದೆಗೆಂದು ತಯಾರಾದ ಹೊಸ ಡೆಸ್ಕ್‌ಟಾಪನ್ನು ಬಳಸಿ ನೋಡಲು ಹೊರಗಿನವರನ್ನು ಕರೆಸುತ್ತಿದ್ದರು. ಅವರು ಕೂರುವ ಕೋಣೆಯ ಗೋಡೆಗೊಂದು ಗಾಜು. ಒಳಗಿದ್ದವರಿಗೆ ಅದು ಬರೀ ಕನ್ನಡಿ. ಹಿಂದೆ ಕೂತವರಿಗೆ ಎಲ್ಲವೂ ಕಾಣುತ್ತಿತ್ತು. ೧೯೯೯ರ ಒಂದು ಬೆಳಿಗ್ಗೆ ಗಾಜಿನ ಹಿಂದಿದ್ದ ಡಿಸೈನರ್ ಗಾರ್ಗಿ, ಒಳಗೆ ಬಂದವರನ್ನು ಕಂಡು ಕುರ್ಚಿಯ ತುದಿಗೆ ಸರಿದಳು. ಡಾಕ್ಟರ್ ಸತ್ಯವತಿ! ಪಕ್ಕದ ಊರು ಸನ್ನಿವೇಲ್‌ನಲ್ಲಿ ಅವಳ ಮಗನನ್ನು ನೋಡುವ ಮಕ್ಕಳ ಡಾಕ್ಟರು. ಮಗು ಎಷ್ಟೇ ಚೀರಾಡಲಿ, ಅವರ ದನಿ ಏರಿದ್ದನ್ನು ಅವಳು ಕೇಳಿರಲಿಲ್ಲ.

ಆ ಡೆಸ್ಕ್‌ಟಾಪಿನಲ್ಲಿ ಬಳಸದ ಆಯ್ಕೆಗಳು ತಾವಾಗಿ ಮರೆಯಾಗಿ, ಬಳಸಿದವು ಮೇಲಕ್ಕೇರುವ ಮೆನು ಗಾರ್ಗಿಯದೇ ಕಲ್ಪನೆ. ಪರದೆ ಎಷ್ಟು ಚೊಕ್ಕಟ ಎಂದು ಮೀಟಿಂಗಿನಲ್ಲಿ ಎಲ್ಲರೂ ತಲೆದೂಗಿದ್ದರು.

ಡಾಕ್ಟರಿಗೆ ಕೊಟ್ಟ ಕೆಲಸ ಇಷ್ಟೇ: ಒಂದು ಪುಟ ಟೈಪು ಮಾಡಿ ಪ್ರಿಂಟ್ ತೆಗೆಯಬೇಕು. ಟೈಪೇನೋ ಸರಸರನೆ ಮುಗಿಯಿತು. ಪ್ರಿಂಟ್ ಮಾತ್ರ ಸಿಗಲೊಲ್ಲದು. ಮೆನು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಆಗ ಕೆಳಗಿದ್ದದ್ದು ಈಗ ಮೇಲೆ ಕೂತಿತ್ತು. ಸಾರಿ, ಸಾರಿ ಎಂದು ಯಾರಿಗೋ ಹೇಳಿಕೊಂಡರು.

ಗಾರ್ಗಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದಳು.

"ಕೂತ್ಕೊಳ್ಳಿ ಗಾರ್ಗಿ," ಎಂದರು ಪಕ್ಕದಲ್ಲಿ ಕೂತಿದ್ದ ಮ್ಯಾನೇಜರು ಜಯರಾಮ್. "ಹೋಗಿ ಹೇಳ್ಕೊಟ್ರೆ ಟೆಸ್ಟೇ ಹಾಳು. ಹೊಸದು ಬಂದಾಗ ಎಲ್ರೂ ಕೂಗಾಡ್ತಾರೆ. ಆಮೇಲೆ ಒಗ್ಗಿಹೋಗುತ್ತೆ."

ಒಳಗೆ ಡಾಕ್ಟರು ಮೌಸನ್ನು ಆಚೆ ನೂಕಿದರು. ಗಾರ್ಗಿ ಬಾಗಿಲು ತೆರೆದು ಹೋಗಿಯೇಬಿಟ್ಟಳು.

"ಅಯ್ಯೋ, ನೀನು ಇಲ್ಲೇ ಇರೋದಾ? ಯಾವ ಮಹಾರಾಯ ಮಾಡಿದ್ದಮ್ಮಾ ಇದನ್ನ?"

"ನಾನೇ, ಡಾಕ್ಟ್ರೇ."

ಡಾಕ್ಟರು ನಗಲಿಲ್ಲ. "ನನ್ನ ಕ್ಲಿನಿಕ್ಕಲ್ಲಿ ಔಷಧಿ ಕಪಾಟನ್ನ ಯಾರಾದ್ರೂ ದಿನಾ ಹೀಗೆ ಅದಲುಬದಲು ಮಾಡಿದ್ರೆ, ಫಿಟ್ಸ್ ಬಂದ ಮಗು ನಾನು ಹುಡುಕೋ ತನಕ ಕಾಯುತ್ತಾ? ನಾನು ಕಣ್ಣಲ್ಲಿ ಹುಡುಕಲ್ಲಮ್ಮಾ, ಕೈ ತಾನೇ ಹೋಗುತ್ತೆ."

ಅಂದು ಮಧ್ಯಾಹ್ನ ಗಾರ್ಗಿ ಜಯರಾಮರ ಬೆನ್ನು ಬಿಡಲಿಲ್ಲ. ಆ ಮೆನುವನ್ನೇ ತೆಗೆದುಬಿಡೋಣ ಎಂದಳು. ಬಿಡುಗಡೆಯ ದಿನ ನಿಗದಿಯಾಗಿದೆ, ಜಾಹೀರಾತು ಹೋಗಿದೆ ಎಂದರು ಅವರು. ಜಗ್ಗಾಡಿ ಜಗ್ಗಾಡಿ ಅವಳಿಗೆ ದಕ್ಕಿದ್ದು ಒಂದು ಪುಟ್ಟ ಚೌಕ: ಅದರಲ್ಲಿ ಟಿಕ್ ಹಾಕಿದರೆ ಹಳೆಯ ಮೆನು ವಾಪಸ್ಸು. ಅದನ್ನೂ ಸೆಟ್ಟಿಂಗ್‌ಗಳ ಯಾವುದೋ ಮೂಲೆಗೆ ತಳ್ಳಿದರು.

ಬಿಡುಗಡೆಯಾದದ್ದೇ ತಡ, ಕಂಪನಿಯ ಸಹಾಯವಾಣಿಯ ಫೋನುಗಳು ಹೊಡೆದುಕೊಳ್ಳತೊಡಗಿದವು. ಗಾರ್ಗಿ ತಾನೇ ಹೋಗಿ ಒಂದು ಫೋನಿನ ಮುಂದೆ ಕೂತಳು. ಬೈದವರಿಗೂ ಅತ್ತವರಿಗೂ ಆ ಚೌಕದ ದಾರಿ ಹೇಳಿದಳು. ಹೇಳಿದಷ್ಟೂ ಒಳಗಿನ ಚಡಪಡಿಕೆ ಹೆಚ್ಚಿತೇ ಹೊರತು ಇಳಿಯಲಿಲ್ಲ.

ಶನಿವಾರ ಸತ್ಯವತಿಯವರ ಕ್ಲಿನಿಕ್ಕಿಗೆ ಹೋದಳು. ಅಲ್ಲಿಯ ಕಂಪ್ಯೂಟರಿಗೂ ಆ ಹೊಸ ಡೆಸ್ಕ್‌ಟಾಪು ಬಂದಿತ್ತು. ಟಿಕ್ ಹಾಕಿಕೊಟ್ಟಳು. ಡಾಕ್ಟರು ಮೆನು ತೆರೆದು ನೋಡಿದರು. ಎಲ್ಲವೂ ಇದ್ದಲ್ಲೇ ಇತ್ತು.

"ಇನ್ನು ಇದು ಹೀಗೇ ಇರುತ್ತೆ ತಾನೆ?"

ಹೂಂ ಎನ್ನಲು ಬಾಯಿ ತೆರೆದ ಗಾರ್ಗಿಗೆ ಸುಳ್ಳು ಹೊರಡಲಿಲ್ಲ. "ಮುಂದಿನ ಅಪ್‌ಗ್ರೇಡ್ ತನಕ, ಡಾಕ್ಟ್ರೇ."

ಡಾಕ್ಟರು ಅವಳ ಮುಖವನ್ನೊಮ್ಮೆ ನೋಡಿ, ಮುಂದಿನ ಮಗುವನ್ನು ಒಳಗೆ ಕರೆದರು.