ನೀರು ಮುಟ್ಟದೆ ಹೊರಟವರು

"ಉಸಿರು ಒಳಕ್ಕೆ ಎಳ್ಕೊಂಡು ಹಿಡ್ಕೊಳ್ಳಮ್ಮ" ಎಂದು ಡಾಕ್ಟರ್ ಮಹಾಲಿಂಗಯ್ಯ ಹೇಳಿದರೆ, ಮಂಚದ ಮೇಲೆ ಮಲಗಿದ್ದ ಸಿದ್ದಲಕ್ಷ್ಮಮ್ಮ ಎರಡು ಬೆರಳುಗಳಿಂದ ಮೂಗನ್ನು ಬಿಗಿಯಾಗಿ ಹಿಡಿದುಕೊಂಡಳು.

"ಮೂಗಲ್ಲಮ್ಮ, ಉಸಿರು!"

"ಮೂಗು ಬುಟ್ರೆ ಉಸ್ರು ಓಗ್ಬುಡ್ತದಲ್ಲ ಸಾಮಿ."

ಮಹಾಲಿಂಗಯ್ಯ ಕಣ್ಣು ಮುಚ್ಚಿ ತಮ್ಮ ಉಸಿರನ್ನೇ ಒಂದು ಗಳಿಗೆ ತಡೆದುಕೊಂಡರು. ಎಂಬತ್ತೇಳರ ಬೇಸಿಗೆ. ಬಟವಾಡಿಯ ಹೆದ್ದಾರಿ ಬದಿಯ ಆ ಬಾಡಿಗೆ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಅವರು ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿದ್ದರು; ಹಿಂದಿನ ಭಾಗದಲ್ಲಿ ಅವರ ಸಂಸಾರ. ಯಂತ್ರ ಬಂದರೆ ಅರ್ಧ ಕೆಲಸ ಮುಗಿದಂತೆ ಎಂದು ಅವರು ನಂಬಿದ್ದರು. ಆದರೆ ಯಂತ್ರದ ಕೆಳಗೆ ಮಲಗುವವರು ಮನಸ್ಸು ಮಾಡದಿದ್ದರೆ ಅದಕ್ಕೂ ಕಣ್ಣು ಕಾಣುವುದಿಲ್ಲ ಎಂಬುದು ದಿನದಿನವೂ ಅರಿವಾಗುತ್ತಿತ್ತು. ಒಬ್ಬರು "ಮಗ್ಗುಲಾಗಿ" ಅಂದರೆ ಎದ್ದು ಕೂರುತ್ತಿದ್ದರು. ಇನ್ನೊಬ್ಬರು ಹೊಟ್ಟೆಗೆ ಸವರುವ ಅಂಟು ತಣ್ಣಗೆ ತಗುಲಿತೆಂದು ಕಿಸಕ್ಕನೆ ನಗುತ್ತಿದ್ದರು.

ಸಿದ್ದಲಕ್ಷ್ಮಮ್ಮನ ವಿಷಯ ನಗುವಂಥದ್ದಲ್ಲ. ಬಲಗಡೆಯ ಕಿಡ್ನಿ ಊದಿಕೊಂಡಿತ್ತು, ಸಂಜೆಯಾದರೆ ಚಳಿಜ್ವರ. ಮೂತ್ರದ ದಾರಿಯಲ್ಲೆಲ್ಲೋ ಕಲ್ಲು ಅಡ್ಡ ಕೂತಿದೆ, ಆದರೆ ಎಕ್ಸ್-ರೇಯಲ್ಲಿ ಕಾಣುತ್ತಿಲ್ಲ. ಎಲ್ಲಿದೆ ಎಂದು ತಿಳಿಯದೆ ಕತ್ತಿ ಹಾಕುವುದಿಲ್ಲ, ಇನ್ನೂ ತಡವಾದರೆ ಆ ಕಿಡ್ನಿಯೇ ಕೈಬಿಡಬಹುದು ಎಂದು ಸರ್ಜನ್ ಖಡಾಖಂಡಿತವಾಗಿ ಹೇಳಿಕಳಿಸಿದ್ದರು. ಕಲ್ಲು ಕಾಣಬೇಕಾದರೆ ಮೂತ್ರಕೋಶ ತುಂಬಿರಬೇಕು. ಪರದೆಯ ಮೇಲೆ ಅದು ನೀರು ಬತ್ತಿದ ಕಟ್ಟೆಯಂತೆ ಮುದುಡಿಕೊಂಡಿತ್ತು. ಹೋದ ವಾರ ಬಂದಾಗಲೂ ಹೀಗೆಯೇ.

"ನೀರು ಕುಡಿದು ಬನ್ನಿ ಅಂತ ಹೇಳಿದ್ದೆನಲ್ಲಮ್ಮ?"

"ಕುಡ್ದಿವ್ನಿ ಸಾಮಿ."

"ಯಾವಾಗ?"

ಅವಳು ಸೂರಿನ ಕಡೆ ನೋಡಿದಳು.

ಮಹಾಲಿಂಗಯ್ಯ ಅವಳನ್ನು ಎಬ್ಬಿಸಿ ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಜೊತೆಗೆ ಬಂದಿದ್ದ ಓರಗಿತ್ತಿ ಚಿಕ್ಕಮಾರಮ್ಮನ ಕೈಗೆ ಬಿಂದಿಗೆಯನ್ನೂ ಲೋಟವನ್ನೂ ಕೊಟ್ಟು, "ಇದರಲ್ಲಿ ಅರ್ಧವಾದರೂ ಇವರ ಹೊಟ್ಟೆಗೆ ಹೋಗಬೇಕು. ಗಂಟೆ ಬಿಟ್ಟು ಕರೀತೀನಿ" ಎಂದು ಒಳಗೆ ಹೋದರು. ಗುಬ್ಬಿಯಿಂದ ಬಂದಿದ್ದ ಕೊಬ್ಬರಿ ವ್ಯಾಪಾರಿ ಕರಿಬಸವಯ್ಯನವರ ಸರದಿ. ಡಾಕ್ಟರು ಬೇಡವೆಂದರೂ ಅವರು ಉಸಿರು ಹಿಡಿದು ಮುಖ ಕೆಂಪಗೆ ಮಾಡಿಕೊಂಡರು. ಅವರನ್ನು ಕಳಿಸಿ ಕೈ ಒರೆಸಿಕೊಳ್ಳುತ್ತ ಕಿಟಕಿಯ ಬಳಿ ಬಂದ ಮಹಾಲಿಂಗಯ್ಯನವರಿಗೆ ಅಂಗಳದಲ್ಲಿ ಕಂಡದ್ದು ಇಷ್ಟು: ಸಿದ್ದಲಕ್ಷ್ಮಮ್ಮ ಲೋಟವನ್ನು ತುಟಿಗೆ ತಾಗಿಸಿದಂತೆ ಮಾಡಿದಳು, ಆಚೀಚೆ ನೋಡಿದಳು, ನೀರನ್ನೆಲ್ಲ ಕಣಗಿಲೆ ಗಿಡದ ಬುಡಕ್ಕೆ ಸುರಿದಳು.

ಅವರು ಹೊರಗೆ ಬಂದ ರಭಸಕ್ಕೆ ಬಾಗಿಲು ಗೋಡೆಗೆ ಬಡಿಯಿತು.

"ಗಿಡಕ್ಕೆ ಸ್ಕ್ಯಾನ್ ಮಾಡ್ಲೇನಮ್ಮಾ? ಅದಕ್ಕೆ ಕಲ್ಲಾಗಿದ್ಯಾ? ನಾನು ಯಾರಿಗೋಸ್ಕರ ಬಡ್ಕೋತಾ ಇದೀನಿ ಇಲ್ಲಿ?" ಎಂದವರೇ ಸರ್ಜನ್ನರ ಚೀಟಿಯನ್ನು ಬೆಂಚಿನ ಮೇಲೆ ಎಸೆದರು. "ತಗೊಂಡು ಹೋಗಿ. ಎರಡು ಸಲ ಸುಳ್ಳು ಹೇಳಿದ್ದೀರಿ. ಮೂರನೇ ಸಲ ನನ್ನ ಹತ್ರ ಬರಬೇಡಿ."

ಸಿದ್ದಲಕ್ಷ್ಮಮ್ಮ ಎದ್ದು ಸೆರಗು ಹೊದ್ದಳು. ಆದರೆ ಚಿಕ್ಕಮಾರಮ್ಮ ಏಳಲಿಲ್ಲ.

"ನಿಂತ್ಕಳಿ ಡಾಕ್ಟ್ರೇ. ಕುಡೀರಿ ಕುಡೀರಿ ಅಂತೀರಲ್ಲ, ಕುಡಿದಿದ್ದು ಎಲ್ಲಿಗೆ ಓಗ್ಬೇಕು?"

"ಎಲ್ಲಿಗೆ ಅಂದ್ರೆ?"

"ಬೆಳಗಾನೆ ಕೊತ್ತಗೆರೆ ಬುಟ್ಟೋರು ನಾವು. ಕುಣಿಗಲ್‌ಗಂಟ ಒಂದು ಬಸ್ಸು, ಅಲ್ಲಿಂದ ಇಲ್ಲಿಗೆ ಇನ್ನೊಂದು. ನಡುವೆ ಹೆಂಗಸ್ರು ಕೂರೋ ಒಂದು ಮರೆ ತೋರ್ಸಿ, ಕಾಲಿಗೆ ಬೀಳ್ತೀನಿ. ಈಗ ಒಳಗಿಂದ ಬಂದ ಯಜಮಾನ್ರು ಸೀದಾ ಓಗಿ ಎದುರು ಗೋಡೆಗೆ ಮುಖ ಮಾಡ್ಕಂಡು ನಿಂತ್ರು. ಅವರ ಕಷ್ಟ ಅಲ್ಲಿಗೆ ತೀರ್ತು. ನಾವೂ ಅಂಗೇ ನಿಂತ್ಕಳಾನಾ?"

"ಸುಮ್ಕಿರೇ ಚಿಕ್ಕಿ, ಮಾನ ತೆಗೀಬ್ಯಾಡ" ಎಂದಳು ಸಿದ್ದಲಕ್ಷ್ಮಮ್ಮ.

"ಇರಕ್ಕ. ಕಿಡ್ನಿ ಓದ್ಮೇಲೆ ಮಾನ ಇಟ್ಕಂಡು ಏನ್ಮಾಡ್ತೀಯ? ನೋಡಿ ಸಾಮಿ, ಊರು ದಾಟೋ ದಿನ ನೀರು ಮುಟ್ಟಬ್ಯಾಡಿ ಅಂತ ನಮ್ಮತ್ತೆ ನಮಗಿಬ್ರಿಗೂ ಮದುವೆಯಾದ ವರ್ಷವೇ ಕಲಿಸ್ಕೊಟ್ಟವ್ಳೆ. ನಾವೂ ನಮ್ಮ ಹೆಣ್ಮಕ್ಕಳಿಗೆ ಕಲ್ಸಿವಿ."

"ಇದನ್ನ ಬಾಯಿಬಿಟ್ಟು ಹೇಳಬಹುದಿತ್ತಲ್ಲಮ್ಮ?"

"ಗಂಡಸು ಡಾಕ್ಟ್ರಿಗೆ ಎಂಗೆ ಏಳಾದು? ನೀವಾದ್ರೂ ಕೇಳಿದ್ರಾ?"

ಮಹಾಲಿಂಗಯ್ಯನವರ ಸಿಟ್ಟು ಇಳಿಯಲಿಲ್ಲ. ಆದರೆ ಯಾರ ಮೇಲೆ ಬೀಳಬೇಕೆಂದು ತಿಳಿಯದೆ ಅಲ್ಲೇ ತಡವರಿಸಿತು. "ಊರಲ್ಲಿರೋವಾಗ ಕುಡೀತೀರಲ್ಲ?" ಎಂದು ಸಿದ್ದಲಕ್ಷ್ಮಮ್ಮನನ್ನು ಕೇಳಿದರು.

"ಹೊತ್ತು ಮುಳುಗಿದ್ಮೇಲೆ ಕುಡೀತೀನಿ ಸಾಮಿ. ಕತ್ಲಾದ್ಮೇಲೆ ತಾನೆ ಬಯಲಿಗೆ ಓಗಾದು."

ಕಲ್ಲು ಹೇಗೆ ಕಟ್ಟಿತು ಎಂದು ಇನ್ನು ಯಾವ ಯಂತ್ರವೂ ಅವರಿಗೆ ತೋರಿಸಬೇಕಾಗಿರಲಿಲ್ಲ. "ಇಲ್ಲೇ ಹೋಗಬಹುದಮ್ಮ" ಎನ್ನಲು ಬಾಯಿ ತೆರೆದವರು ಹಾಗೆಯೇ ಮುಚ್ಚಿದರು. ಆ ಮನೆಯಲ್ಲಿ ಇದ್ದದ್ದು ಒಂದೇ ಪಾಯಿಖಾನೆ, ಹಿತ್ತಿಲಿನಲ್ಲಿ. ಅದಕ್ಕೆ ಅಡುಗೆಮನೆ, ದೇವರಮನೆಗಳನ್ನು ದಾಟಿಕೊಂಡು ಹೋಗಬೇಕು. ಸೆಂಟರ್ ತೆರೆದಂದಿನಿಂದ ಒಬ್ಬ ರೋಗಿಯೂ ಆ ನಡುಬಾಗಿಲನ್ನು ದಾಟಿರಲಿಲ್ಲ. ತುಂಬಿಸಿಕೊಂಡು ಬನ್ನಿ ಎಂದು ಊರೂರಿನವರಿಗೆ ಅಪ್ಪಣೆ ಕೊಡುತ್ತಿದ್ದ ಮನುಷ್ಯ, ಬಂದವರು ಎಲ್ಲಿ ಹೋಗಬೇಕೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಹಿತ್ತಿಲಿನಲ್ಲಿ ಅವರ ತಾಯಿ ಸರ್ವಮಂಗಳಮ್ಮ ಮಡಿ ಸೀರೆಯನ್ನು ತಂತಿಯ ಮೇಲೆ ಹರವುತ್ತಿದ್ದರು. ಮಗ ವಿಷಯ ಹೇಳಿದ ಕೂಡಲೇ ವಿಭೂತಿಯ ಹಣೆ ಗಂಟಿಕ್ಕಿತು.

"ಆಗಲ್ಲ ಕಣೋ ಮಾಲಿಂಗ. ಯಾವ ಊರೋರೋ, ಯಾವ ಜನವೋ, ಏನು ಕಾಯಿಲೆಯೋ. ದೇವರಮನೆ ಮುಂದೆ ತುಳ್ಕೊಂಡು ಬರ್ತಾರಾ? ಇವತ್ತು ಒಬ್ಬಳು ಅಂತೀಯ, ನಾಳೆ ಸಾಲು ನಿಲ್ತದೆ. ತೊಳೆಯೋರು ಯಾರು?"

"ನಾನು ತೊಳೀತೀನಿ."

"ತೊಳೆದೆ ನೀನು! ಉಂಡ ತಟ್ಟೆ ಎತ್ತಿಟ್ಟ ಗಂಡಸಲ್ಲ."

ಅದು ನಿಜವಾಗಿದ್ದರಿಂದ ಮಹಾಲಿಂಗಯ್ಯ ಬೇರೆ ದಾರಿ ಹಿಡಿದರು. "ಅವ್ವ, ಎಡೆಯೂರು ಜಾತ್ರೆಗೆ ಗಾಡಿ ಕಟ್ಕೊಂಡು ಹೋಗ್ತಿದ್ರಲ್ಲ, ದಾರೀಲಿ ನೀನು ಎಷ್ಟು ನೀರು ಕುಡೀತಿದ್ದೆ?"

"ಎಲ್ಲಿಂದ ಕುಡಿಯೋದು? ಗಾಡಿ ತುಂಬ ಮಾವ, ಭಾವಂದಿರು. ನಿಲ್ಸಿ ಅಂತ ಅನ್ನೋಕಾಗ್ತಿತ್ತಾ? ಮಠ ಮುಟ್ಟೋ ಹೊತ್ಗೆ ನಾಲಿಗೆ ಅಂಗುಳಕ್ಕೆ ಅಂಟ್ಕೊಂಡು..." ಸರ್ವಮಂಗಳಮ್ಮ ಮಗನ ಮುಖ ನೋಡಲಿಲ್ಲ. ಪಾಯಿಖಾನೆಯ ದಾರಿಗೆ ಅಡ್ಡಲಾಗಿ ಇಳಿಬಿದ್ದಿದ್ದ ಒದ್ದೆ ಸೀರೆಯನ್ನು ನಿಧಾನವಾಗಿ ಎಳೆದು ತೋಳಿಗೆ ಹಾಕಿಕೊಂಡರು.

"ಚಿಲಕ ಬಿಗಿ ಇದೆ. ಎತ್ತಿ ಎಳೀಬೇಕು ಅಂತ ಹೇಳು ಅವಳಿಗೆ."

ಸಿದ್ದಲಕ್ಷ್ಮಮ್ಮನನ್ನು ಮಹಾಲಿಂಗಯ್ಯ ತಾವೇ ಒಳಗೆ ಕರೆತಂದು ದಾರಿ ತೋರಿಸಿದರು. ಅವಳು ದೇವರಮನೆಯ ಮುಂದೆ ಕಾಲು ತಡೆದು ನಿಂತು, ಅವರ ಮುಖವನ್ನೊಮ್ಮೆ ನೋಡಿ, ಗೋಡೆಗೆ ಒತ್ತಿಕೊಂಡು ನಡೆದಳು. ಚಿಲಕವನ್ನು ಒಮ್ಮೆ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು. ಆಮೇಲೆ ಬೆಂಚಿಗೆ ಬಂದು ಕೂತು, ಯಾರೂ ಹೇಳದೆಯೇ ಲೋಟಕ್ಕೆ ಕೈ ಚಾಚಿದಳು.

ಗಂಟೆ ಕಳೆದ ಮೇಲೆ ಅವಳು ಮತ್ತೆ ಮಂಚ ಹತ್ತಿದಾಗ ಮಹಾಲಿಂಗಯ್ಯ ಗದರಲಿಲ್ಲ. ಪಕ್ಕದಲ್ಲಿ ನಿಂತು ತಾವೇ ಎದೆಯುಬ್ಬಿಸಿ ಉಸಿರೆಳೆದು, ತಡೆದು ತೋರಿಸಿದರು. ಅವಳಿಗೆ ನಗು ಬಂತು. ನಕ್ಕು ಮುಗಿಸಿ ಹಾಗೆಯೇ ಮಾಡಿದಳು. ಪಕ್ಕೆಲುಬಿನ ಮರೆಯಿಂದ ಕಿಡ್ನಿ ಕೆಳಗೆ ಜಾರಿ ಪೂರ್ತಿ ಕಂಡಿತು. ಊದಿದ್ದರೂ ಇನ್ನೂ ಕೆಟ್ಟಿರಲಿಲ್ಲ. ಕೆಳಗೆ, ತುಂಬಿದ ಮೂತ್ರಕೋಶದ ಅಂಚಿನಲ್ಲಿ, ಒಂದು ಬಿಳಿ ಚುಕ್ಕೆ. ಅದರ ಹಿಂದೆ ಕಪ್ಪು ನೆರಳು.

"ಸಿಕ್ತಮ್ಮ" ಎಂದರು ಮಹಾಲಿಂಗಯ್ಯ. "ಆಪರೇಷನ್ ಮಾಡಿದ್ರೆ ಕಿಡ್ನಿ ಉಳಿಯುತ್ತೆ."

"ಅದಿರ್ಲಿ ಸಾಮಿ, ಬುಡಿ ಬೇಗ, ತಡ್ಕಳಕಾಗಲ್ಲ" ಎಂದು ಅವಳು ಸೀರೆ ಸರಿಪಡಿಸಿಕೊಳ್ಳುತ್ತಲೇ ನಡುಬಾಗಿಲಿನ ಕಡೆಗೆ ಓಡಿದಳು. "ನಿಧಾನ ಕಣವ್ವ, ಅಲ್ಲಿ ಪಾಚಿ ಕಟ್ಟಿದೆ, ಜಾರೀಯ" ಎಂದು ಹಿತ್ತಿಲಿನಿಂದ ಸರ್ವಮಂಗಳಮ್ಮನವರ ದನಿ ಕೇಳಿಸಿತು.

ವರದಿ ಬರೆದು ಮುಗಿಸಿ ಮಹಾಲಿಂಗಯ್ಯ ಹೊರಗೆ ಬಂದರು. ಚಿಕ್ಕಮಾರಮ್ಮ ಖಾಲಿ ಬಿಂದಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಬೆಳಗಿನಿಂದ ಇಷ್ಟು ಮಾತಾಡಿದವಳ ತುಟಿಗಳು ಒಣಗಿ ಬಿರಿದಿದ್ದವು.

"ನಿಮ್ಮಕ್ಕನದು ಆಯ್ತಮ್ಮ. ಇನ್ನು ಹೊರಡಬಹುದು."

ಅವಳು ನಡುಬಾಗಿಲ ಕಡೆ ಒಮ್ಮೆ, ಅವರ ಕಡೆ ಒಮ್ಮೆ ನೋಡಿ ಬಿಂದಿಗೆಯನ್ನು ಮುಂದಕ್ಕೆ ಚಾಚಿದಳು.

"ನಂದೇನೂ ಸ್ಕ್ಯಾನಿಂಗ್ ಇಲ್ಲ ಡಾಕ್ಟ್ರೇ. ಆದ್ರೂ ಒಂದು ಲೋಟ ಕೊಡ್ಸಿ. ಬೆಳಗ್ಗಿಂದ ಬಾಯಾರಿ ಸಾಯ್ತಿವ್ನಿ."